ಕೈನಡುಕ ನಿಲ್ಲುತ್ತೆ, ವೇಷ ನಿಲ್ಲಲ್ಲ!

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳೋರಿಗೆಲ್ಲ ಒಂದೇ ಉಪದೇಶ: "ಸ್ಟೆಬಿಲೈಸೇಶನ್ ಇಲ್ದಿದ್ರೆ ಮುಟ್ಲೇಬೇಡ."

ಅದನ್ನು ನಂಬಿ ನಾನೂ ಕೆಟ್ಟೆ ಮಾರಾಯ್ರೇ! ಸ್ಟೆಬಿಲೈಸೇಶನ್ ಇರೋ 18-55 ಹಿಡ್ಕೊಂಡು ರಾತ್ರಿ ಯಕ್ಷಗಾನಕ್ಕೆ ಹೋದೆ. ಹಿಂದಿನ ಪರದೆ ಸ್ಪಷ್ಟ, ಧಿಗಿಣ ಹಾಕ್ತಿದ್ದ ವೇಷ ಮಾತ್ರ ಬರೀ ಬಣ್ಣದ ಗೀಚು. ಸ್ಟೆಬಿಲೈಸೇಶನ್ ತಡೆಯೋದು ನಮ್ಮ ಕೈನಡುಕವನ್ನು, ಕುಣಿಯೋರ ಕಾಲನ್ನಲ್ಲ! ಅದಕ್ಕೆ ವೇಗದ ಶಟರ್ ಬೇಕು, ಶಟರ್‌ಗೆ ಬೆಳಕು ಬೇಕು.

55ರ ತುದಿಯಲ್ಲಿ ಆ ಲೆನ್ಸ್ ತೆರೆಯೋದು ಎಫ್/5.6 ಅಷ್ಟೇ. ಎಫ್/2.8 ಅದರ ನಾಲ್ಕರಷ್ಟು ಬೆಳಕು ಬಿಡುತ್ತೆ. ಅದೇ ಐಎಸ್ಒನಲ್ಲಿ 1/60 ಇದ್ದದ್ದು 1/250 ಆಗುತ್ತೆ.

2006ರಲ್ಲಿ ಬಂದ, ಸ್ಟೆಬಿಲೈಸೇಶನ್ ಇಲ್ಲದ ಟ್ಯಾಮ್ರಾನ್ 17-50 ಎಫ್/2.8 ಸಿಕ್ಕರೆ ಟಾರ್ಚ್ ಬಿಟ್ಟು ಫಂಗಸ್ ಇದೆಯಾ, ನಿಮ್ಮ ಕ್ಯಾಮೆರಾದಲ್ಲಿ ಆಟೋಫೋಕಸ್ ಆಗುತ್ತಾ ನೋಡಿ ತಗೊಳ್ಳಿ. ದೇವಸ್ಥಾನದ ಕಂಬ ತೆಗೆಯೋರಿಗೆ ಸ್ಟೆಬಿಲೈಸೇಶನ್ ಇರಲಿ ಬಿಡಿ, ಕಂಬ ನಾಳೆನೂ ಅಲ್ಲೇ ಇರುತ್ತೆ. ಆ ರಾತ್ರಿಯ ಆಟ ಇರಲ್ಲ...