ಅರ್ಹತೆಯ ಅಂಗಳ

ವಿಶ್ವಕಪ್ಪಿನ ಅಂತಿಮ ಸುತ್ತು ನಡೆಯುವಾಗ ಲೋಕದ ಕಣ್ಣೆಲ್ಲ ಅದರ ಮೇಲೆಯೇ ನೆಟ್ಟಿರುತ್ತದೆ. ಆದರೆ ಆ ಸುತ್ತಿಗೆ ಯಾರು ಬರಬೇಕು, ಯಾರು ಹೊರಗುಳಿಯಬೇಕು ಎಂಬುದು ತೀರ್ಮಾನವಾಗುವುದು ಅದಕ್ಕೂ ಬಹಳ ಮೊದಲು, ಪತ್ರಿಕೆಗಳ ಗಮನಕ್ಕೂ ಬಾರದ ಯಾವುದೋ ಊರಿನ ಅಂಗಳದಲ್ಲಿ. ಮಹಿಳೆಯರ ಕಾಲ್ಚೆಂಡಾಟದ ಪ್ರಾದೇಶಿಕ ಅರ್ಹತಾ ಪಂದ್ಯಾವಳಿಗಳಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಏಷ್ಯಾದಲ್ಲಿ ಮೊದಮೊದಲು ಇಂತಹ ಜರಡಿಯೇ ಇರಲಿಲ್ಲ. ಪಯಣದ ವೆಚ್ಚವನ್ನು ಭರಿಸಬಲ್ಲ ಕೆಲವೇ ರಾಷ್ಟ್ರಗಳು ಒಂದೆಡೆ ಸೇರಿ ಆಡುತ್ತಿದ್ದವು. ಭಾರತದ ವನಿತೆಯರು 1980ರಲ್ಲಿ ಕೋಳಿಕ್ಕೋಡಿನಲ್ಲಿಯೂ 1983ರಲ್ಲಿ ಬ್ಯಾಂಕಾಕಿನಲ್ಲಿಯೂ ಎರಡನೆಯ ಸ್ಥಾನ ಪಡೆದದ್ದು ಆ ಕಾಲದಲ್ಲಿ. ಅದು ಸಣ್ಣ ಸಾಧನೆಯೇನಲ್ಲ. ಆದರೆ ಉಳಿದ ನಾಡುಗಳು ಬೆಳೆಯುತ್ತಿದ್ದಾಗ ಭಾರತ ಮೈಮರೆಯಿತು. ಬಹುಕಾಲ ಪಂದ್ಯವನ್ನೇ ಆಡದ ಕಾರಣ 2009ರಲ್ಲಿ ಅದರ ಹೆಸರು ವಿಶ್ವ ಶ್ರೇಯಾಂಕದ ಪಟ್ಟಿಯಿಂದಲೇ ಅಳಿಸಿಹೋಯಿತು. ಸೋತವರಿಗೂ ಪಟ್ಟಿಯಲ್ಲಿ ಒಂದು ಸ್ಥಾನವಿರುತ್ತದೆ. ಆಡದವರಿಗೆ ಅದೂ ಇಲ್ಲ.

2022ರಲ್ಲಿ ಆತಿಥೇಯ ರಾಷ್ಟ್ರವೆಂಬ ನೆಲೆಯಲ್ಲಿ ಭಾರತಕ್ಕೆ ಏಷ್ಯಾ ಕಪ್ಪಿನ ಬಾಗಿಲು ತಾನಾಗಿ ತೆರೆಯಿತು. ಮರುವರ್ಷದ ವಿಶ್ವಕಪ್ಪಿಗೆ ಅದೇ ಅರ್ಹತಾ ಕಣ. ಇರಾನಿನೊಡನೆ ಮೊದಲ ಪಂದ್ಯ ಗೋಲಿಲ್ಲದೆ ಸಮವಾಯಿತು. ಎರಡನೆಯ ಪಂದ್ಯದ ಹೊತ್ತಿಗೆ ಕೋವಿಡ್ ಸೋಂಕು ಹರಡಿ, ನಿಯಮದಂತೆ ಬೇಕಾದ ಹದಿಮೂರು ಮಂದಿಯೂ ಉಳಿಯಲಿಲ್ಲ. ತಂಡ ಪಂದ್ಯಾವಳಿಯಿಂದಲೇ ಹೊರಬಿತ್ತು. ಆಡಿದ ಪಂದ್ಯವೂ ಲೆಕ್ಕಕ್ಕೆ ಬರಲಿಲ್ಲ. ಎಷ್ಟೋ ವರ್ಷಗಳ ಸಿದ್ಧತೆ ಒಂದು ಸಂಜೆಯಲ್ಲಿ ಮಣ್ಣುಪಾಲಾಯಿತು. ನಿಯಮ ನಿಯಮವೇ, ನಿಜ. ಆದರೆ ಒಂದು ದಿನದ ಮುಂದೂಡಿಕೆಗೂ ಎಡೆಗೊಡದ ನಿಯಮವನ್ನು ನ್ಯಾಯವೆನ್ನುವುದು ಕಷ್ಟ.

ಮುಂದಿನ ಬಾರಿ ಬಾಗಿಲು ತಾನಾಗಿ ತೆರೆಯಲಿಲ್ಲ. 34 ರಾಷ್ಟ್ರಗಳು, ಎಂಟು ಗುಂಪುಗಳು, ಗುಂಪಿಗೊಂದೇ ಪ್ರವೇಶ. 2025ರ ಜೂನ್ 23ರಿಂದ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಭಾರತ ಹದಿಮೂರು ದಿನಗಳೊಳಗೆ ನಾಲ್ಕು ಪಂದ್ಯಗಳನ್ನಾಡಿತು. ಮಂಗೋಲಿಯಾ, ತಿಮೋರ್ ಲೆಸ್ತೆ, ಇರಾಕ್ ತಂಡಗಳ ವಿರುದ್ಧ ಒಟ್ಟು 22 ಗೋಲುಗಳು ಬಂದವು; ಬಿಟ್ಟುಕೊಟ್ಟದ್ದು ಒಂದೂ ಇಲ್ಲ. ಉಳಿದದ್ದು ಥಾಯ್ಲೆಂಡ್: ಎರಡು ವಿಶ್ವಕಪ್ಪುಗಳನ್ನು ಆಡಿದ ತಂಡ, ತನ್ನದೇ ನೆಲ, ತನ್ನದೇ ಜನ. ಜುಲೈ 5ರಂದು ಸಂಗೀತಾ ಬಾಸ್ಫೋರ್ ಮೊದಲರ್ಧದಲ್ಲಿ ಒಂದು ಗೋಲು ಹೊಡೆದಳು. ವಿರಾಮದ ಬೆನ್ನಿಗೇ ಎದುರಾಳಿಗಳು ಸಮ ಮಾಡಿದರು. 74ನೆಯ ನಿಮಿಷದಲ್ಲಿ ಅವಳೇ ಮತ್ತೊಂದನ್ನು ಸೇರಿಸಿದಳು. ಅರ್ಹತಾ ಸುತ್ತನ್ನು ಗೆದ್ದು ಭಾರತ ಏಷ್ಯಾ ಕಪ್ಪಿಗೆ ಪ್ರವೇಶ ಪಡೆದದ್ದು ಅದೇ ಮೊದಲು.

ಮಂಗೋಲಿಯಾದ ಮೇಲೆ ಹೊಡೆದ ಹದಿಮೂರು ಗೋಲುಗಳನ್ನು ತೋರಿಸಿ, ಇಷ್ಟೊಂದು ದುರ್ಬಲ ತಂಡಗಳನ್ನು ಏಕೆ ಆಡಿಸಬೇಕು ಎಂದು ಆಕ್ಷೇಪಿಸುವವರಿದ್ದಾರೆ. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ. 2019ರ ವಿಶ್ವಕಪ್ಪಿನಲ್ಲಿ ಅಮೆರಿಕದ ಎದುರು ಹದಿಮೂರು ಗೋಲುಗಳಿಂದಲೇ ಸೋತ ತಂಡ ಇದೇ ಥಾಯ್ಲೆಂಡ್. ಆ ಸೋಲನ್ನು ಕಂಡು ಅದನ್ನು ಹೊರಗಿಡಬೇಕಿತ್ತೆಂದು ಯಾರಾದರೂ ಹೇಳಿಯಾರೆ? ಈಜು ಕಲಿಯುವವರೆಗೂ ನೀರಿಗಿಳಿಯಬಾರದೆಂಬ ವಾದ ಇದು.

ದೋಷವಿರುವುದು ಬೇರೆಡೆ. ಒಂದೇ ಊರಿನಲ್ಲಿ ಎಲ್ಲ ಪಂದ್ಯಗಳನ್ನೂ ಮುಗಿಸಿದರೆ ಬಡ ಸಂಘಗಳಿಗೆ ವೆಚ್ಚ ತಗ್ಗುತ್ತದೆ. ಜೊತೆಗೆ ಆತಿಥೇಯರಿಗೆ ಅನುಕೂಲವೂ ಉಳಿದವರಿಗೆ ಬಳಲಿಕೆಯೂ ಪಾಲಿಗೆ ಬರುತ್ತವೆ. ಯೂರೋಪಿನಲ್ಲಿರುವಂತೆ ತವರಿನಲ್ಲೊಂದು, ಎದುರಾಳಿಯ ನೆಲದಲ್ಲೊಂದು ಪಂದ್ಯವನ್ನು ಏಷ್ಯಾದಂಥ ವಿಶಾಲ ಖಂಡದ ಎಲ್ಲೆಡೆ ನಡೆಸುವುದು ಸುಲಭವಲ್ಲ. ನೆರೆಯ ನಾಡುಗಳ ನಡುವೆಯಾದರೂ ಅದು ಸಾಧ್ಯವಾಗಬೇಕು. ಆಗ ತಮ್ಮ ಊರಿನ ಅಂಗಳದಲ್ಲಿಯೇ ರಾಷ್ಟ್ರದ ತಂಡವನ್ನು ಕಾಣುವ ಅವಕಾಶ ಮಂಗೋಲಿಯಾದ ಹುಡುಗಿಯರಿಗೂ ಒದಗೀತು.