ಮಾತ್ರೆ ನುಂಗಿದವನನ್ನೇ ಬೈಯುವುದೇಕೆ?

ತೋಟದ ಬಂಧುಗಳೇ,

ಕ್ಷಯದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಯೂ ಕೆಮ್ಮು ನಿಲ್ಲದಿದ್ದರೆ ನಮ್ಮವರಿಗೆ ಸಿಗುವ ಉತ್ತರ ಒಂದೇ: "ನೀನು ಸರಿಯಾಗಿ ನುಂಗಿಲ್ಲ, ಕುಡಿದು ಕೆಡಿಸಿಕೊಂಡೆ." ಲೈನಿನವರೂ ಅದನ್ನೇ ನಂಬಿ ಅವನ ತಟ್ಟೆ ಲೋಟ ಬೇರೆ ಇಡುತ್ತಾರೆ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ.

ಕಫವನ್ನು ಗಾಜಿಗೆ ಸವರಿ ಕೆಂಪು ಬಣ್ಣ ಹಾಕುತ್ತಾರೆ. ಆಮ್ಲದಲ್ಲಿ ತೊಳೆದರೂ ಬಣ್ಣ ಬಿಡದ ಕಡ್ಡಿಯಂಥ ಕ್ರಿಮಿ ಕಂಡರೆ ಟಿ.ಬಿ. ಎಂದು ಬರೆಯುವುದುಂಟು. ಆದರೆ ಹಾಗೆ ಬಣ್ಣ ಬಿಡದ ಕುಲ ದೊಡ್ಡದು. ಕ್ಷಯದ ಕ್ರಿಮಿಗೆ ಮಣ್ಣಿನಲ್ಲಿ, ನೀರಿನಲ್ಲಿ, ನಲ್ಲಿಯ ಕೊಳವೆಯಲ್ಲಿ 150ಕ್ಕೂ ಹೆಚ್ಚು ದಾಯಾದಿಗಳಿವೆ. ಗಟ್ಟಿ ಮೈಯವರಿಗೆ ಅವು ಸಾಮಾನ್ಯವಾಗಿ ಏನೂ ಮಾಡವು. ಎಚ್.ಐ.ವಿ. ಇದ್ದವರು, ಬಹುಕಾಲ ಸ್ಟೀರಾಯ್ಡ್ ನುಂಗುವವರು, ಕ್ಯಾನ್ಸರಿಗೆ ಔಷಧಿ ಪಡೆಯುವವರು, ಹಳೆಯ ಕ್ಷಯದಿಂದ ಶ್ವಾಸಕೋಶ ಹಾಳಾದವರು, ಇಂಥವರ ಎದೆಯಲ್ಲಿ ಏವಿಯಂ, ಕನ್ಸಾಸಿ, ಅಬ್ಸೆಸಸ್ ಎಂಬ ಜಾತಿಗಳು ಬೇರು ಬಿಡುತ್ತವೆ. ಕೆಮ್ಮು, ಜ್ವರ, ಮೈ ಇಳಿಯುವುದು ಎಲ್ಲವೂ ಕ್ಷಯದಂತೆಯೇ. ಅಬ್ಸೆಸಸ್ಸಿಗಂತೂ ಕ್ಷಯದ ಮಾಮೂಲಿ ಮಾತ್ರೆ ನಾಟುವುದೇ ಇಲ್ಲ! ಇವು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಹರಡುವುದೂ ಇಲ್ಲ. (ಕ್ಷಯವೇ ಆದರೂ ತಟ್ಟೆಯಿಂದ ಅಂಟುವುದಿಲ್ಲ, ಅದು ಬೇರೆ ಮಾತು.)

"ಅಪರೂಪದ ರೋಗ, ಕೂಲಿಯವರಿಗೆ ಎಲ್ಲಿಂದ ಬಂತು" ಎನ್ನುವವರಿದ್ದಾರೆ. ಹುಡುಕದಿದ್ದರೆ ಯಾವ ರೋಗವೂ ಅಪರೂಪವೇ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭವಾದ ಬಿ.ಸಿ.ಜಿ. ಪ್ರಯೋಗದಲ್ಲಿ ದೊಡ್ಡವರ ಶ್ವಾಸಕೋಶದ ಕ್ಷಯ ತಡೆಯಲು ಚುಚ್ಚುಮದ್ದು ಸೋತಿತು. ಅಲ್ಲಿನ ಮಣ್ಣು ನೀರಿನ ಈ ದಾಯಾದಿಗಳ ಸಂಪರ್ಕವೂ ಒಂದು ಕಾರಣವಿರಬಹುದೆಂದು ವಿಜ್ಞಾನಿಗಳೇ ಹೇಳಿದರು. ಹೀಗಿರುವಾಗ ಇವು ಪರದೇಶದ ಕ್ರಿಮಿಗಳೇ?

ದಾರಿ ಇದೆ. ಸಿ.ಬಿ.ನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಕ್ಷಯದ ಕ್ರಿಮಿಯನ್ನು ಗುರುತಿಸುತ್ತದೆ. ಗಾಜಿನಲ್ಲಿ ಕಡ್ಡಿ ಕಂಡು ಯಂತ್ರ ಇಲ್ಲವೆಂದರೆ ದಾಯಾದಿಯ ಗುಮಾನಿ. ಆಗ ಕಫವನ್ನು ಕಲ್ಚರಿಗೆ ಕಳಿಸಿ ಬೆಳೆಸಿ ನೋಡಬೇಕು. ಆರೆಂಟು ವಾರ ಹಿಡಿಯಬಹುದು. ನೀರಿನಿಂದಲೂ ಕ್ರಿಮಿ ಸೇರಿರಬಹುದಾದ್ದರಿಂದ ಎರಡು ಬೇರೆ ದಿನಗಳ ಕಫದಲ್ಲಿ ಅದೇ ಜಾತಿ ಬೆಳೆಯಬೇಕು. ಏವಿಯಂ ಎಂದು ಖಚಿತವಾಗಿ ವೈದ್ಯರು ಚಿಕಿತ್ಸೆ ಹಿಡಿದರೆ ಅಜಿತ್ರೋಮೈಸಿನ್ ಸೇರಿದ ಮೂರು ಔಷಧಿಗಳು, ಕಫ ಶುದ್ಧವಾದ ಮೇಲೂ 12 ತಿಂಗಳು.

ಮಾತ್ರೆ ಬಿಡಿ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ಕ್ಷಯವೇ ಹೆಚ್ಚು. ವೈದ್ಯರು ಹೇಳುವತನಕ ಒಂದು ದಿನವೂ ತಪ್ಪಿಸಬೇಡಿ. ಆದರೆ ಎರಡು ತಿಂಗಳು ಕಳೆದರೂ ಕಫದಲ್ಲಿ ಕಡ್ಡಿ ಕಂಡರೆ ಬೈಗುಳ ಕೇಳಿಕೊಂಡು ಲೈನಿಗೆ ಮರಳಬೇಡಿ. ಹಳೆಯ ಚೀಟಿಗಳನ್ನೆಲ್ಲ ಕೈಯಲ್ಲಿ ಹಿಡಿದು ಕೇಳಿ: "ಸಾರ್, ಇದು ಯಾವ ಜಾತಿಯ ಕ್ರಿಮಿ? ಕಲ್ಚರಿಗೆ ಕಳಿಸಿದ್ದೀರಾ?"