ಹಕ್ಕೋ ಅವಕಾಶವೋ?

"ಕೆಲಸ ನಡೆದರೆ ಸಾಕು, ಮಾತು ಯಾವುದಾದರೇನು?" ಎಂದು ಕೇಳುವವರು ನಮ್ಮವರಲ್ಲಿಯೇ ಹೆಚ್ಚುತ್ತಿದ್ದಾರೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ, ಅಧ್ಯಾಪಕರ ಕೋಣೆಯನ್ನು ಹೊಕ್ಕರೆ ತುಳು, ಕನ್ನಡ, ಮಲಯಾಳ, ಇಂಗ್ಲಿಷುಗಳು ಒಂದೇ ವಾಕ್ಯದೊಳಗೆ ಓಡಾಡುವುದುಂಟು. ಅದರ ಮೇಲೆ ನಮಗೆ ಮುನಿಸಿಲ್ಲ. ಮನೆಮಾತು ಕೊಂಕಣಿಯಾಗಿದ್ದ ಮಂಜೇಶ್ವರದ ಗೋವಿಂದ ಪೈಗಳು ಅನೇಕ ಭಾಷೆಗಳನ್ನು ಬಲ್ಲವರಾಗಿದ್ದೇ ಕನ್ನಡದ ಹಿರಿಯ ಕವಿಗಳಾದರು. ಬೆಂಚು, ರಿಜಿಸ್ಟರುಗಳನ್ನು ಅಟ್ಟಹೊರಟ ಮಡಿವಂತರ ಪಕ್ಷವೂ ನಮ್ಮದಲ್ಲ.

ನಮ್ಮ ಆಕ್ಷೇಪವಿರುವುದು ಬೇರೆಡೆ. ಇಂಗ್ಲಿಷ್ ಶಬ್ದವು ಹೊರಗಿನದೆಂದು ಕಿವಿಗೆ ಕೂಡಲೆ ತಿಳಿಯುತ್ತದೆ. ಮಲಯಾಳದ ಮೂಲಕ ಬರುವ ಸಂಸ್ಕೃತ ಶಬ್ದವಾದರೋ ನಮ್ಮದೇ ವೇಷವನ್ನು ತೊಟ್ಟು ಬರುತ್ತದೆ. ಅವರ 'ಅಪೇಕ್ಷ' ಎಂದರೆ ಅರ್ಜಿ. ನಮ್ಮ ಅಪೇಕ್ಷೆ ಬಯಕೆ. ಅವರ 'ಉಪನ್ಯಾಸಂ' ಬರೆಯತಕ್ಕ ಪ್ರಬಂಧ. ನಮ್ಮ ಉಪನ್ಯಾಸ ಕೇಳತಕ್ಕ ಭಾಷಣ. ಅವರ 'ಅವಸರಂ' ನಮ್ಮ ಅವಕಾಶ. ಅವರ 'ಅವಕಾಶಂ' ನಮ್ಮ ಹಕ್ಕು! ಮಲಯಾಳದ ಸುತ್ತೋಲೆಯನ್ನು ಅರ್ಧ ಕನ್ನಡ ಮಾಡಿ ಓದಿಹೇಳುವಾತನು "ಮಕ್ಕಳ ಅವಕಾಶ" ಎಂದರೆ ತಂದೆತಾಯಿಗಳು ತಿಳಿಯುವುದೇನು? ಕೊಟ್ಟೇ ತೀರಬೇಕಾದುದು, ಸಿಕ್ಕಿದರೆ ಸಿಕ್ಕೀತು ಎಂಬಂತಾಗುತ್ತದೆ. ಹುಡುಗನೊಬ್ಬನು "ಅಪೇಕ್ಷೆ ಕೊಟ್ಟೆನು" ಎಂದು ಬರೆದರೆ ಕೆಂಪು ಗೆರೆ ಎಳೆಯಲು ಕೆಲವರಿಗೆ ಬಲು ಉತ್ಸಾಹ. ಆ ಮಾತನ್ನು ತರಗತಿಗೆ ಹೊತ್ತು ತಂದವರು ಯಾರು? ಹುಡುಗನಂತೂ ಅಲ್ಲ.

ಸಭೆಯಲ್ಲಿ ಹತ್ತು ಮಂದಿ ಕನ್ನಡಿಗರಿದ್ದು ಒಬ್ಬರಿಗೆ ಕನ್ನಡ ಬಾರದಿದ್ದರೆ ಹತ್ತು ಮಂದಿಯೂ ಮಲಯಾಳಕ್ಕೆ ಹೊರಳುತ್ತಾರೆ. ಇದು ದಾಕ್ಷಿಣ್ಯ, ಒಳ್ಳೆಯ ಗುಣವೇ ಸರಿ. ಆದರೆ ವರ್ಷಗಳು ಕಳೆದರೂ ಆ ಒಬ್ಬರು ಒಮ್ಮೆಯಾದರೂ ಕನ್ನಡಕ್ಕೆ ಹೊರಳದಿದ್ದರೆ ಅದನ್ನು ಭಾಷೆಗಳ ಕೂಡುವಿಕೆ ಎನ್ನಲಾದೀತೆ?

1969ರ ಕೇರಳ ಆಡಳಿತ ಭಾಷಾ ಶಾಸನದ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆಯೂ, ಅಲ್ಪಸಂಖ್ಯಾತ ಪ್ರದೇಶವೆಂದು ಸಾರಿದಲ್ಲಿನ ಸ್ಥಳೀಯ ಕಚೇರಿಗಳೊಡನೆಯೂ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಕನ್ನಡದಲ್ಲಿಯೇ ಬರತಕ್ಕದ್ದು. ಹೀಗಿದ್ದೂ ನಮ್ಮ ಸಹೋದ್ಯೋಗಿಗಳಲ್ಲಿ ಹಲವರು, ಬೇಗ ಆಗುತ್ತದೆಂದು, ಮಲಯಾಳದಲ್ಲಿ ಬರೆಸಿಕೊಂಡ ಅರ್ಜಿಗೆ ಕನ್ನಡದಲ್ಲಿ ಸಹಿ ಹಾಕಿ ಕೊಟ್ಟುಬರುತ್ತಾರೆ. ಕನ್ನಡದ ಅರ್ಜಿಯೊಂದೂ ಮೇಜಿನ ಮೇಲೆ ಬೀಳದ ಕಚೇರಿಯಲ್ಲಿ, ಕನ್ನಡ ಬಲ್ಲ ಗುಮಾಸ್ತನು ಬೇಕೆಂದು ಯಾವ ಅಧಿಕಾರಿಗೆ ತೋರೀತು?